ಬೈಕಿಗೆ ಆಫ್ಟರ್‌ಮಾರ್ಕೆಟ್ ಫುಟ್‌ಪೆಗ್ ಹಾಕೋದು, ಮಾರ್ಪಾಡು ಮಾಡೋದು: ಪದೇ ಪದೇ ಕೇಳುವ ಪ್ರಶ್ನೆಗಳು

ಪೆಗ್ (ಬೈಕ್ ಓಡಿಸುವಾಗ ಪಾದ ಇಡೋ ಕಡ್ಡಿ) ಬದಲಾಯಿಸೋದು ಅರ್ಧ ಗಂಟೆ ಕೆಲಸ ಅಂತಾರೆ, ಪಿನ್ ತೆಗೆದು ಪಿನ್ ಹಾಕೋ ಮಟ್ಟಿಗೆ ಅದು ನಿಜಾನೇ. ಆದ್ರೆ ಪೆಗ್ ಇರೋ ಜಾಗ ಒಂದು ಸೆಂಟಿಮೀಟರ್ ಬದಲಾದ್ರೂ ಬ್ರೇಕ್ ಪೆಡಲ್ಲು, ಗೇರ್ ಲಿವರ್ರು ಕಾಲಿಗೆ ಸಿಗೋ ಜಾಗ ಬದಲಾಗುತ್ತೆ, ಮೊಣಕಾಲು ಮಡಚೋ ರೀತಿ ಬದಲಾಗುತ್ತೆ, ಬೈಕು ಎಷ್ಟು ವಾಲಬಹುದು ಅನ್ನೋದೂ ಬದಲಾಗುತ್ತೆ. ಪೆಗ್ ಹಾಕಿ ಗಾಡಿ ಸ್ಟಾರ್ಟ್ ಮಾಡ್ಕೊಂಡು ಹೋಗ್ಬಿಡೋರು ತುಂಬಾ ಜನ, ಆಮೇಲೆ ಬ್ರೇಕ್ ಸರಿಯಾಗಿ ಸಿಗ್ತಿಲ್ಲ, ಗೇರ್ ಬೀಳ್ತಿಲ್ಲ ಅಂತ ಒದ್ದಾಡ್ತಾರೆ. ಹಾಗಾಗಿ ಇಲ್ಲಿ ಪೆಗ್ ಬಗ್ಗೆ ಎಷ್ಟು ಬರ್ದಿದೀನೋ ಅಷ್ಟೇ ಪೆಡಲ್ ಬಗ್ಗೆನೂ ಬರ್ದಿದೀನಿ.

ಕಂಪನಿಯಿಂದ ಬಂದ ಪೆಗ್ ಚೆನ್ನಾಗೇ ಇದೆಯಲ್ಲ, ಯಾಕೆ ಬದಲಾಯಿಸ್ಬೇಕು?

ಚೆನ್ನಾಗಿದ್ರೆ ಬದಲಾಯಿಸ್ಬೇಡಿ. ನಿಜವಾಗ್ಲೂ. ಬದಲಾಯಿಸೋಕೆ ಸರಿಯಾದ ಕಾರಣಗಳು ಮೂರ್ನಾಲ್ಕೇ ಇರೋದು. ನಿಂತ್ಕೊಂಡು ಓಡಿಸೋರಿಗೆ, ಅಂದ್ರೆ ಮಣ್ಣು ಕಲ್ಲು ದಾರಿಯಲ್ಲಿ ಹೋಗೋರಿಗೆ, ಕಿರಿದಾದ ರಬ್ಬರ್ ಪೆಗ್ ಮೇಲೆ ನಿಂತ್ರೆ ದೇಹದ ಭಾರ ಎಲ್ಲ ಪಾದದ ಒಂದೇ ಗೆರೆ ಮೇಲೆ ಬೀಳುತ್ತೆ, ಅರ್ಧ ದಿನ ಆಗೋಷ್ಟರಲ್ಲಿ ಅಂಗಾಲು ಉರಿಯೋಕೆ ಶುರುವಾಗುತ್ತೆ, ಅವರಿಗೆ 50 ರಿಂದ 57 ಎಂಎಂ ಅಗಲದ ಹಲ್ಲಿನ ಪೆಗ್ ಹಾಕಿದ್ರೆ ವ್ಯತ್ಯಾಸ ಮೊದಲ ದಿನಾನೇ ಗೊತ್ತಾಗುತ್ತೆ. ಎತ್ತರದವರಿಗೆ ಮೊಣಕಾಲು ಜಾಸ್ತಿ ಮಡಚಿ ನೋವು ಬರುತ್ತೆ, ಅವರಿಗೆ ಪೆಗ್ ಸ್ವಲ್ಪ ಕೆಳಗೆ ಬೇಕು. ಟ್ರ್ಯಾಕ್‌ನಲ್ಲಿ ಓಡಿಸೋರಿಗೆ ತಿರುವಲ್ಲಿ ಪೆಗ್ ನೆಲಕ್ಕೆ ಉಜ್ಜುತ್ತೆ, ಅವರಿಗೆ ಮೇಲೆ ಮತ್ತು ಹಿಂದಕ್ಕೆ ಬೇಕು. ಹಳೇ ಪೆಗ್ ಸವೆದು ಜೋತು ಬಿದ್ದಿದ್ರೆ ಅದೂ ಒಂದು ಕಾರಣ. ನೋಡೋಕೆ ಚೆನ್ನಾಗಿರ್ಲಿ ಅಂತ ಹಾಕೋದೂ ತಪ್ಪೇನಲ್ಲ, ಆದ್ರೆ ಆಗ ಜಾಗ ಬದಲಾಗದೇ ಇರೋ ಪೆಗ್ ತಗೊಳ್ಳಿ, ಮುಂದಿನ ತಲೆನೋವು ಮುಕ್ಕಾಲು ಪಾಲು ತಪ್ಪುತ್ತೆ.

ಯೂನಿವರ್ಸಲ್ ಅಂತ ಬರೆದಿರೋ ಪೆಗ್ ನನ್ನ ಬೈಕಿಗೆ ಕೂರುತ್ತಾ?

ಯೂನಿವರ್ಸಲ್ ಅನ್ನೋ ಮಾತನ್ನ ನಂಬಬೇಡಿ, ಕ್ಯಾಲಿಪರ್ (ಎಂಎಂ ಲೆಕ್ಕದಲ್ಲಿ ಅಳೆಯೋ ಸಾಧನ) ನಂಬಿ. ಹಳೇ ಪೆಗ್ ಬಿಚ್ಚಿ ಕೈಯಲ್ಲಿ ಹಿಡ್ಕೊಂಡು ಅಳೆಯಿರಿ: ಪಿನ್ ದಪ್ಪ ಎಷ್ಟು, ಬ್ರಾಕೆಟ್ಟಿನ (ಪೆಗ್ಗನ್ನ ಫ್ರೇಮಿಗೆ ಹಿಡಿದಿಡೋ ಭಾಗ) ಎರಡು ಕಿವಿ ನಡುವೆ ಸಂದು ಎಷ್ಟು, ಪೆಗ್ಗಿನ ನಾಲಗೆ ಆ ಸಂದಿಗೆ ಹೋಗೋ ಭಾಗ ಎಷ್ಟು ದಪ್ಪ, ಪಿನ್ ತೂತಿನ ಮಧ್ಯದಿಂದ ಪೆಗ್ ಬ್ರಾಕೆಟ್ಟಿಗೆ ತಾಗಿ ನಿಲ್ಲೋ ಜಾಗದ ತನಕ ಎಷ್ಟು ದೂರ. ಈ ಕೊನೇ ಅಳತೆಯನ್ನ ಯಾರೂ ತಗೊಳ್ಳಲ್ಲ, ಎಡವಟ್ಟು ಆಗೋದೂ ಅಲ್ಲೇ. ಪಿನ್ ಸರಿಹೋಯ್ತು, ಸಂದಿಗೂ ಕೂತ್ಕೊಳ್ತು, ಆದ್ರೆ ನಿಲ್ಲೋ ಜಾಗ 1 ಎಂಎಂ ಆಚೀಚೆ ಆದ್ರೆ ಪೆಗ್ ನೆಟ್ಟಗೆ ನಿಲ್ಲಲ್ಲ. ಲೆಕ್ಕ ನೋಡಿ, ಆ ತಾಗೋ ಜಾಗ ಪಿನ್ನಿಂದ 15 ಎಂಎಂ ದೂರ ಇದ್ದು ಪೆಗ್ ಉದ್ದ 90 ಎಂಎಂ ಇದ್ರೆ, ಬುಡದಲ್ಲಿ 1 ಎಂಎಂ ವ್ಯತ್ಯಾಸ ತುದಿಗೆ ಬರೋಷ್ಟರಲ್ಲಿ 6 ಎಂಎಂ ಆಗಿರುತ್ತೆ, ಸುಮಾರು 4 ಡಿಗ್ರಿ ಜೋತು ಬೀಳುತ್ತೆ ಇಲ್ಲಾ ಮೇಲಕ್ಕೆ ಎದ್ದಿರುತ್ತೆ.

ಕೆಲವು ಪೆಗ್‌ಗಳು ಒಂದೇ ಪೆಗ್ಗು, ಬೈಕಿಗೆ ತಕ್ಕ ಅಡಾಪ್ಟರ್ ಬೇರೆ ಅಂತ ಬರ್ತವೆ. ಅದು ಒಳ್ಳೇ ಪದ್ಧತಿ, ನಾಳೆ ಬೈಕ್ ಬದಲಾಯಿಸಿದ್ರೂ ಅಡಾಪ್ಟರ್ ಮಾತ್ರ ತಗೊಂಡ್ರೆ ಸಾಕು.

ಎಡಗಡೆದು ಬಲಗಡೆದು ಒಂದೇನಾ?

ಅಲ್ಲ. ನೋಡೋಕೆ ಒಂದೇ ತರ ಕಂಡ್ರೂ ನಾಲಗೆ ಕೆಳಗಿನ ಆಕಾರ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಇರುತ್ತೆ, ಸ್ಪ್ರಿಂಗ್ ಕೂಡ ಎಡಕ್ಕೊಂದು ಬಲಕ್ಕೊಂದು ಸುತ್ತು. ಅದಲುಬದಲು ಹಾಕಿದ್ರೆ ಪೆಗ್ ಹಿಂದಕ್ಕೆ ಮಡಚೋ ಬದಲು ಮುಂದಕ್ಕೆ ಮಡಚುತ್ತೆ ಇಲ್ಲಾ ಸ್ಪ್ರಿಂಗ್ ಎಳೆಯೋದೇ ಇಲ್ಲ. ಒಂದು ಕಡೆ ಪೂರ್ತಿ ಮುಗಿಸಿ ಆಮೇಲೆ ಇನ್ನೊಂದು ಕಡೆ ಬಿಚ್ಚಿ, ಡೌಟ್ ಬಂದಾಗ ನೋಡೋಕೆ ಒಂದು ಕಡೆ ಒರಿಜಿನಲ್ ಹಾಗೇ ಇರುತ್ತೆ. ಬಿಚ್ಚೋ ಮುಂಚೆ ಮೊಬೈಲಲ್ಲಿ ಕೆಳಗಿಂದ ಒಂದು ಫೋಟೋ, ಹಿಂದಿನಿಂದ ಒಂದು ಫೋಟೋ ತೆಗೆದಿಟ್ಕೊಳ್ಳಿ, ಸ್ಪ್ರಿಂಗ್ ಕಾಲು ಯಾವುದು ಯಾವ ಕಡೆ ಇತ್ತು ಅನ್ನೋದು ನೆನಪಿರುತ್ತೆ ಅಂತ ಅನ್ಕೊಂಡಿರ್ತೀವಿ, ಇರಲ್ಲ.

ಏನೇನು ಟೂಲ್ಸ್ ಬೇಕು?

ನೋಸ್ ಪ್ಲೇಯರ್, ಸರ್ಕ್ಲಿಪ್ (ಪಿನ್ ಜಾರದ ಹಾಗೆ ಹಿಡಿಯೋ ಬಳೆಯಂಥ ಕ್ಲಿಪ್) ಪ್ಲೇಯರ್, ಉದ್ದದ ಸ್ಕ್ರೂಡ್ರೈವರ್ ಒಂದು, ಸಣ್ಣ ಸುತ್ತಿಗೆ, ಅರ, ಗ್ರೀಸ್, ಹೊಸ ಸ್ಪ್ಲಿಟ್ ಪಿನ್ (ಪಿನ್ ತುದಿಯ ತೂತಿಗೆ ಹಾಕಿ ಕಾಲು ಬಗ್ಗಿಸೋ ತಂತಿ ಪಿನ್), ಎರಡು ಮೂರು ದಪ್ಪದ ವಾಷರ್. ಬ್ರಾಕೆಟ್ ಬಿಚ್ಚೋದಾದ್ರೆ ಟಾರ್ಕ್ ರೆಂಚ್ (ಎಷ್ಟು ಬಿಗಿ ಮಾಡ್ತಿದೀವಿ ಅಂತ ತೋರಿಸೋ ಸ್ಪ್ಯಾನರ್) ಬೇಕೇಬೇಕು. ಕಣ್ಣಿಗೆ ಕನ್ನಡಕ ಹಾಕ್ಕೊಳ್ಳಿ, ಆ ಸ್ಪ್ರಿಂಗ್ ಸಣ್ಣದಾದ್ರೂ ಎಗರಿದ್ರೆ ಮುಖಕ್ಕೇ ಬರುತ್ತೆ.

ಸ್ಪ್ರಿಂಗ್ ಹಾಕೋಕೆ ಆಗ್ತಾನೇ ಇಲ್ಲ, ಕೈ ಎರಡು ಸಾಲಲ್ಲ. ಏನಾದ್ರೂ ಉಪಾಯ ಇದೆಯಾ?

ಎಲ್ಲರೂ ಸೋಲೋದು ಇಲ್ಲೇ. ಎರಡು ಉಪಾಯ ನನಗೆ ಕೆಲಸ ಮಾಡಿವೆ. ಮೊದಲನೇದು, ಸ್ಪ್ರಿಂಗಿನ ಎರಡು ಕಾಲನ್ನ ಪ್ಲೇಯರಲ್ಲಿ ಒತ್ತಿ ಹತ್ತಿರ ತಂದು ಪ್ಲಾಸ್ಟಿಕ್ ಟೈ ಹಾಕಿ ಬಿಗಿದ್ಬಿಡಿ, ಆಗ ಸ್ಪ್ರಿಂಗ್ ಮೆತ್ತಗಾದ ಹಾಗೆ ಸುಮ್ನೆ ಕೂತಿರುತ್ತೆ, ಪೆಗ್ ಒಳಗೆ ಇಟ್ಟು ಬ್ರಾಕೆಟ್ಟಿಗೆ ಸೇರಿಸಿ ಪಿನ್ ಹೊಡೆದ ಮೇಲೆ ಟೈ ಕಟ್ ಮಾಡಿದ್ರೆ ಕಾಲುಗಳು ತಾವಾಗೇ ಬಿಚ್ಕೊಂಡು ತಮ್ಮ ಜಾಗಕ್ಕೆ ಒತ್ಕೊಳ್ತವೆ. ಎರಡನೇದು, ಕೆಳಗಿನಿಂದ ಸ್ಕ್ರೂಡ್ರೈವರ್ ತೂರಿಸಿ ಬ್ರಾಕೆಟ್ ತೂತು, ಪೆಗ್ ತೂತು, ಸ್ಪ್ರಿಂಗ್ ಸುರುಳಿ ಮೂರನ್ನೂ ಒಂದೇ ಗೆರೆಗೆ ತಂದು, ಮೇಲಿನಿಂದ ಪಿನ್ ಇಳಿಸ್ತಾ ಸ್ಕ್ರೂಡ್ರೈವರನ್ನ ಪಿನ್ನಿಂದಲೇ ಹೊರಗೆ ತಳ್ಳೋದು. ಎರಡನ್ನೂ ಒಟ್ಟಿಗೆ ಮಾಡಿದ್ರೆ ಇನ್ನೂ ಸಲೀಸು.

ಪೆಗ್ ಹೊಸದಾದ್ರೆ ಅದರ ಜೊತೆ ಬಂದ ಸ್ಪ್ರಿಂಗೇ ಹಾಕಿ ಅಂತ ಕೆಲವರು ಹೇಳ್ತಾರೆ, ಕಂಪನಿ ಸ್ಪ್ರಿಂಗೇ ಹಾಕಿ ಅಂತ ಇನ್ನು ಕೆಲವರು. ಸುರುಳಿ ಒಳಗಿನ ಅಗಲ ಪಿನ್ನಿಗೆ ಸರಿ ಇದ್ದು, ಕಾಲು ಎರಡೂ ಗಟ್ಟಿ ಜಾಗಕ್ಕೆ ತಾಗ್ತಿದ್ರೆ ಯಾವುದಾದ್ರೂ ಆಗುತ್ತೆ. ಪೆಗ್ ಮೇಲಕ್ಕೆತ್ತಿ ಬಿಟ್ಟಾಗ ಟಪ್ ಅಂತ ವಾಪಸ್ ಬರ್ಬೇಕು. ನಿಧಾನಕ್ಕೆ ಬಂದ್ರೆ, ಅರ್ಧಕ್ಕೆ ನಿಂತ್ರೆ, ಸ್ಪ್ರಿಂಗ್ ಸೋತಿದೆ ಇಲ್ಲಾ ವಾಷರ್ ಜಾಸ್ತಿ ಬಿಗಿಯಾಗಿದೆ ಅಂತ ಲೆಕ್ಕ.

ಪಿನ್ ಮೇಲಿಂದ ಹಾಕ್ಬೇಕಾ ಕೆಳಗಿಂದ ಹಾಕ್ಬೇಕಾ?

ಮೇಲಿಂದ ಹಾಕೋಕೆ ಜಾಗ ಇದ್ರೆ ಯಾವಾಗ್ಲೂ ಮೇಲಿಂದ. ಕೆಳಗಿನ ಸ್ಪ್ಲಿಟ್ ಪಿನ್ ಮುರಿದು ಬಿದ್ದುಹೋದ್ರೂ ಪಿನ್ನಿನ ತಲೆ ಮೇಲೆ ಕೂತಿರೋದ್ರಿಂದ ತನ್ನ ಭಾರಕ್ಕೇ ಒಳಗೇ ಇರುತ್ತೆ. ಕೆಳಗಿಂದ ಹಾಕಿದ್ರೆ ಸ್ಪ್ಲಿಟ್ ಪಿನ್ ಹೋದ ಮರುಕ್ಷಣ ಪಿನ್ ಜಾರುತ್ತೆ, ಪೆಗ್ ಕಾಲ್ಕೆಳಗಿಂದ ಮಾಯ.

ಸ್ಪ್ಲಿಟ್ ಪಿನ್ ಪ್ರತಿ ಸಲ ಹೊಸದು. ಹಳೇದನ್ನ ನೆಟ್ಟಗೆ ಮಾಡಿ ಮತ್ತೆ ಬಗ್ಗಿಸಿದ್ರೆ ಬಗ್ಗಿದ ಜಾಗದಲ್ಲೇ ಲೋಹ ದಣಿದು ಬಿರುಕು ಬಿಟ್ಟಿರುತ್ತೆ. ನಾನೇ ಒಂದು ಸಲ ಹಳೇದೇ ಸಾಕು ಅಂತ ಹಾಕಿದ್ದೆ, ಎರಡು ವಾರಕ್ಕೆ ಅದರ ಒಂದು ಕಾಲು ಮುರಿದು ಇನ್ನೊಂದು ಕಾಲಲ್ಲಿ ನೇತಾಡ್ತಾ ಇತ್ತು, ತೊಳೆಯುವಾಗ ಕಣ್ಣಿಗೆ ಬಿತ್ತು ಸರಿ, ಇಲ್ಲಾಂದ್ರೆ ಎಲ್ಲಿ ಹೋಗಿ ಬೀಳ್ತಿದ್ನೋ. ಸರ್ಕ್ಲಿಪ್ ಇರೋ ಪಿನ್ನಾದ್ರೆ ಕ್ಲಿಪ್ಪು ಪಿನ್ನಿನ ತೋಡಿನ ಸುತ್ತ ಪೂರ್ತಿ ಕೂತಿದೆಯಾ ಅಂತ ತಿರುಗಿಸಿ ನೋಡಿ, ಸಡಿಲವಾಗಿ ತಿರುಗೋ ಕ್ಲಿಪ್ ಎಸೆದುಬಿಡಿ.

ಪೆಗ್ ಜೋತು ಬಿದ್ದಿದೆ. ಇಲ್ಲಾ ಮೇಲಕ್ಕೆ ಎದ್ದು ನಿಂತಿದೆ. ಸರಿ ಮಾಡೋದು ಹೇಗೆ?

ಮೇಲಕ್ಕೆ ಎದ್ದಿದ್ರೆ ಸುಲಭ, ಪೆಗ್ ಬುಡದಲ್ಲಿ ಬ್ರಾಕೆಟ್ಟಿಗೆ ತಾಗೋ ಮುಖವನ್ನ ಅರದಲ್ಲಿ ಉಜ್ಜಬೇಕು. ಅರ, ಗ್ರೈಂಡರ್ ಅಲ್ಲ. ಮೇಲಿನ ಲೆಕ್ಕ ನೆನಪಿರ್ಲಿ, ಬುಡದಲ್ಲಿ ಅರ್ಧ ಎಂಎಂ ಹೋದ್ರೆ ತುದಿ 3 ಎಂಎಂ ಇಳಿಯುತ್ತೆ, ಗ್ರೈಂಡರ್ ಒಂದು ಸಲ ಮುಟ್ಟಿಸಿದ್ರೆ ಅದಕ್ಕಿಂತ ಜಾಸ್ತಿ ಹೋಗಿರುತ್ತೆ. ನಾಲ್ಕು ಸಲ ಉಜ್ಜಿ, ಹಾಕಿ ನೋಡಿ, ಮತ್ತೆ ತೆಗೆದು ಉಜ್ಜಿ. ಉಜ್ಜಿದ ಮುಖ ಪೂರ್ತಿ ಅಗಲಕ್ಕೆ ತಾಗ್ತಿದೆಯಾ ಅಂತ ನೋಡೋಕೆ ಮಾರ್ಕರ್ ಬಳಿದು ಪೆಗ್ ಮೇಲೆ ಒತ್ತಿ, ಬಣ್ಣ ಅಳಿಸಿದ ಜಾಗ ಮಾತ್ರ ತಾಗ್ತಿರೋದು. ಒಂದೇ ಮೂಲೆ ತಾಗ್ತಿದ್ರೆ ಭಾರ ಎಲ್ಲ ಆ ಮೂಲೆಗೇ ಬಿದ್ದು ಬೇಗ ಜಜ್ಜಿಹೋಗುತ್ತೆ.

ಜೋತು ಬಿದ್ದಿದ್ರೆ ಮೊದಲು ಯಾಕೆ ಅಂತ ಹುಡುಕಿ. ಪಿನ್ ಸವೆದಿರಬಹುದು, ಅದು ಬದಲಾಯಿಸಿದ್ರೆ ಮುಗೀತು. ಬ್ರಾಕೆಟ್ ತೂತು ಮೊಟ್ಟೆ ಆಕಾರಕ್ಕೆ ಬಂದಿರಬಹುದು, ಆಗ ತೂತನ್ನ ದುಂಡಗೆ ದೊಡ್ಡದು ಮಾಡಿಸಿ ಲೇತಲ್ಲಿ ಬುಶ್ (ತೂತಿನ ಒಳಗೆ ಕೂರೋ ಸಣ್ಣ ಕೊಳವೆ) ಮಾಡಿಸಿ ಹಾಕ್ಬೇಕು. ತಾಗೋ ಮುಖ ಜಜ್ಜಿಹೋಗಿದ್ರೆ, ಪೆಗ್ ಸ್ಟೀಲಿನದಾಗಿದ್ರೆ ಅಲ್ಲಿ ಒಂದು ಸಾಲು ವೆಲ್ಡ್ ಏರಿಸಿ ಆಮೇಲೆ ಅರದಲ್ಲಿ ಹದಕ್ಕೆ ತರಬಹುದು, ಇದು ಹಳೇ ಕಾಲದಿಂದ ನಡ್ಕೊಂಡು ಬಂದಿರೋ ರಿಪೇರಿ, ಚೆನ್ನಾಗೇ ಬಾಳಿಕೆ ಬರುತ್ತೆ. ನೆಟ್ಟಗಿದ್ರೆ ಒಳ್ಳೇದು, ತುದಿ ಒಂದೆರಡು ಡಿಗ್ರಿ ಮೇಲಕ್ಕಿದ್ರೂ ಪರವಾಗಿಲ್ಲ, ಕೆಳಕ್ಕೆ ಮಾತ್ರ ಬೇಡ, ಒದ್ದೆಯಲ್ಲಿ ಬೂಟು ಜಾರಿ ಹೊರಗೆ ಹೋಗುತ್ತೆ. ಎರಡೂ ಕಡೆ ಒಂದೇ ಕೋನ ಇರ್ಬೇಕು ಅನ್ನೋದು ಬೇರೆ ಹೇಳ್ಬೇಕಾಗಿಲ್ಲ, ಒಂದು ಕಾಲು ಮೇಲೆ ಒಂದು ಕಾಲು ಕೆಳಗೆ ಆದ್ರೆ ಸೊಂಟ ಹಿಡ್ಕೊಳ್ಳುತ್ತೆ.

ಪಿನ್ 8 ಎಂಎಂ, ಹೊಸ ಪೆಗ್ಗಿನ ತೂತು 10 ಎಂಎಂ. ಹಾಗೇ ಹಾಕಬಹುದಾ?

ಬೇಡ. 2 ಎಂಎಂ ಆಟ ಅಂದ್ರೆ ಪ್ರತಿ ಗುಂಡಿಗೂ ಪಿನ್ನಿಗೆ ಸುತ್ತಿಗೆ ಏಟು. ಹೊರಗೆ 10, ಒಳಗೆ 8 ಇರೋ ಸ್ಟೀಲ್ ಅಥವಾ ಹಿತ್ತಾಳೆ ಬುಶ್ ಮಾಡಿಸಿ. ಪಕ್ಕಕ್ಕೆ ಆಡ್ತಿದ್ರೆ ಅರ್ಧ ಎಂಎಂ ವಾಷರ್ ಒಂದೊಂದೇ ಸೇರಿಸ್ತಾ ಹೋಗಿ, ಆಟ ಹೋಗ್ಬೇಕು ಆದ್ರೆ ಮಡಚೋಕೆ ಅಡ್ಡಿ ಆಗ್ಬಾರ್ದು. ಬ್ರಾಕೆಟ್ಟಿಗೆ ಪೌಡರ್ ಕೋಟಿಂಗ್ ಮಾಡಿಸಿದ್ರೆ ತೂತಿನ ಒಳಗೂ, ಪೆಗ್ ತಾಗೋ ಮುಖದ ಮೇಲೂ ಆ ಬಣ್ಣ ಕೆರೆದು ತೆಗೀಬೇಕು, ದಪ್ಪ ಬಣ್ಣ ಇದ್ರೆ ಇವತ್ತು ಬಿಗಿಯಾಗಿರೋದು ಬಣ್ಣ ಉದುರಿದ ಮೇಲೆ ಸಡಿಲ ಆಗುತ್ತೆ.

ಪೆಗ್ ಕೆಳಗಿಳಿಸಿದ್ರೆ ತಿರುವಲ್ಲಿ ನೆಲಕ್ಕೆ ತಾಗುತ್ತಾ?

ಮುಂಚೆಗಿಂತ ಬೇಗ ತಾಗುತ್ತೆ, ಅದನ್ನ ತಪ್ಪಿಸೋಕೆ ಆಗಲ್ಲ. ಒಂದು ಅಂದಾಜು ಲೆಕ್ಕ ಹೇಳ್ತೀನಿ. ಪೆಗ್ ತುದಿ ನೆಲದಿಂದ 300 ಎಂಎಂ ಎತ್ತರ, ಬೈಕಿನ ನಡುಗೆರೆಯಿಂದ 350 ಎಂಎಂ ಆಚೆ ಇದೆ ಅಂತ ಇಟ್ಕೊಳ್ಳಿ. ಟೈರಿನ ಅಗಲ, ಸಸ್ಪೆನ್ಷನ್ ಕುಗ್ಗೋದು ಎಲ್ಲ ಬಿಟ್ಟು ನೋಡಿದ್ರೆ ಸುಮಾರು 40.5 ಡಿಗ್ರಿ ವಾಲಿದಾಗ ತುದಿ ನೆಲ ಮುಟ್ಟುತ್ತೆ. ಅದೇ ಪೆಗ್ಗನ್ನ 25 ಎಂಎಂ ಇಳಿಸಿದ್ರೆ 38 ಡಿಗ್ರಿಗೇ ಮುಟ್ಟುತ್ತೆ. ಇಲ್ಲಿ ಇನ್ನೊಂದು ವಿಷಯ ಜನ ಗಮನಿಸಲ್ಲ, ಕೆಳಗಿಳಿಸದೇ ಬರೀ 25 ಎಂಎಂ ಉದ್ದದ ಪೆಗ್ ಹಾಕಿದ್ರೂ 38.5 ಡಿಗ್ರಿ ಹತ್ರಕ್ಕೇ ಬಂದು ನಿಲ್ಲುತ್ತೆ. ಅಂದ್ರೆ ಉದ್ದ ಮಾಡೋದೂ ಇಳಿಸಿದ ಹಾಗೇ. ಗುಂಡಿ ಬಿದ್ದ ತಿರುವಲ್ಲಿ ಸಸ್ಪೆನ್ಷನ್ ಕುಗ್ಗಿದಾಗ, ಹಿಂದೆ ಯಾರಾದ್ರೂ ಕೂತಾಗ, ಇದಕ್ಕಿಂತಲೂ ಬೇಗ.

ಮಣ್ಣು ದಾರಿಗೆ, ನಿಧಾನಕ್ಕೆ ಓಡಿಸೋರಿಗೆ ಇದು ದೊಡ್ಡ ವಿಷಯ ಅಲ್ಲ. ಘಾಟಿಯಲ್ಲಿ ಜೋರಾಗಿ ವಾಲಿಸೋರಿಗೆ ದೊಡ್ಡ ವಿಷಯಾನೇ.

ಪೆಗ್ ತುದಿಯಲ್ಲಿ ಕೆಳಕ್ಕೆ ಚಾಚಿರೋ ಬೋಲ್ಟ್ ತೆಗೆದುಬಿಟ್ರೆ ವಾಲೋಕೆ ಜಾಗ ಸಿಗುತ್ತಲ್ಲ?

ಆ ಬೋಲ್ಟ್ ಇರೋದೇ ನಿಮಗೆ ಎಚ್ಚರಿಕೆ ಕೊಡೋಕೆ. ಬೈಕಿನಲ್ಲಿ ಮೊದಲು ನೆಲ ಮುಟ್ಟೋದು ಅದೇ ಆಗಿರ್ಬೇಕು, ಅದು ಕರ್ ಅಂತ ಸದ್ದು ಮಾಡುತ್ತೆ, ಪೆಗ್ ಮೇಲಕ್ಕೆ ಮಡಚುತ್ತೆ, ನೀವು ಸಾಕು ಅಂತ ಸ್ವಲ್ಪ ಎತ್ತುತೀರಿ. ತೆಗೆದ್ರೆ ಮುಂದೆ ಮುಟ್ಟೋದು ಸೈಲೆನ್ಸರ್ರೋ, ಸೈಡ್ ಸ್ಟ್ಯಾಂಡೋ, ಇಂಜಿನ್ ಕವರ್ರೋ ಆಗಿರಬಹುದು, ಅವು ಯಾವುವೂ ಮಡಚಲ್ಲ, ಹಿಂದಿನ ಚಕ್ರವನ್ನ ನೆಲದಿಂದ ಎತ್ತಿ ಬೈಕನ್ನ ಕೆಡವುತ್ತವೆ. ಟ್ರ್ಯಾಕ್‌ಗೆ ಅಂತಾನೇ ಬೈಕ್ ಇದ್ದು, ಸೈಡ್ ಸ್ಟ್ಯಾಂಡ್ ತೆಗೆದು ಬೇರೆ ಎಲ್ಲ ಭಾಗ ಮೇಲಕ್ಕೆ ಹೋಗಿದ್ರೆ ಆ ಮಾತು ಬೇರೆ.

ಮಡಚದ, ಗಟ್ಟಿಯಾಗಿ ಕೂರೋ ಪೆಗ್ ಹಾಕಬಹುದಾ?

ರಸ್ತೆ ಬೈಕಿಗೆ ನಾನು ಹಾಕಲ್ಲ, ಹಾಕಿ ಅಂತ ಹೇಳೋದೂ ಇಲ್ಲ. ಪೆಗ್ ಮೇಲಕ್ಕೆ ಮತ್ತು ಹಿಂದಕ್ಕೆ ಮಡಚೋ ಹಾಗೆ ಮಾಡಿರೋದು ನೆಲಕ್ಕೋ ಕಲ್ಲಿಗೋ ತಾಗಿದಾಗ ಬೈಕನ್ನ ತಡೆಹಿಡೀಬಾರ್ದು ಅಂತ. ರೇಸಲ್ಲಿ ಗಟ್ಟಿ ಪೆಗ್ ಬಳಸ್ತಾರೆ, ಅಲ್ಲಿ ರಸ್ತೆ ನುಣುಪು, ಬಿದ್ರೆ ಜಾರಿ ಹೋಗೋಕೆ ಜಾಗ ಇದೆ, ಅಷ್ಟಿದ್ದೂ ಅಲ್ಲಿನ ನಿಯಮದಲ್ಲಿ ಪೆಗ್ ತುದಿ ದುಂಡಗಿರ್ಬೇಕು ಅಂತ ಇದೆ, ಬಿದ್ದವರ ಮೈಗೆ ಚುಚ್ಚಬಾರ್ದು ಅಂತ. ಗಟ್ಟಿ ಪೆಗ್ಗಿನ ಇನ್ನೊಂದು ತೊಂದರೆ, ನಿಂತಲ್ಲೇ ಬೈಕ್ ಬಿದ್ರೂ ಏಟು ಪೂರ್ತಿ ಬ್ರಾಕೆಟ್ಟಿಗೆ, ಅಲ್ಲಿಂದ ಫ್ರೇಮಿಗೆ ಹೋಗುತ್ತೆ. ಪೆಗ್ ಮುರಿದ್ರೆ ಹೊಸದು ಹಾಕಬಹುದು, ಫ್ರೇಮಿನ ಕಿವಿ ಕಿತ್ತುಬಂದ್ರೆ ಕಥೆ ಬೇರೆ.

ಹೊಸ ಪೆಗ್ ಹಾಕಿದ ಮೇಲೆ ಬ್ರೇಕ್ ಪೆಡಲ್ ಎತ್ತರಕ್ಕೆ ಇದ್ದ ಹಾಗಿದೆ. ಏನ್ ಮಾಡ್ಲಿ?

ಈ ಪ್ರಶ್ನೆಗೆ ಉತ್ತರ ಉದ್ದ, ಪೂರ್ತಿ ಓದಿ. ಪೆಗ್ 20 ಎಂಎಂ ಕೆಳಗೆ ಹೋದ್ರೆ ಕಾಲಿನ ಲೆಕ್ಕದಲ್ಲಿ ಪೆಡಲ್ 20 ಎಂಎಂ ಮೇಲೆ ಬಂದ ಹಾಗೆ, ಪ್ರತಿ ಸಲ ಬ್ರೇಕ್ ಹಿಡಿಯೋಕೆ ಪಾದ ಎತ್ತಿ ಮೇಲಿಡಬೇಕಾಗುತ್ತೆ, ಗಾಬರಿಯಲ್ಲಿ ಹಾಗೆ ಎತ್ತೋಕೆ ಹೋಗುವ ಹೊತ್ತಲ್ಲಿ ಬೈಕ್ ಎಷ್ಟೋ ಮೀಟರ್ ಮುಂದೆ ಹೋಗಿರುತ್ತೆ. 60 ಕಿಲೋಮೀಟರ್ ಸ್ಪೀಡಲ್ಲಿ ಅರ್ಧ ಸೆಕೆಂಡಿಗೆ 8 ಮೀಟರ್ ದಾಟಿರ್ತೀವಿ. ಹಾಗಾಗಿ ಪೆಡಲ್ಲನ್ನೂ ಇಳಿಸ್ಲೇಬೇಕು.

ಇಳಿಸೋ ರೀತಿ ಬೈಕಿಂದ ಬೈಕಿಗೆ ಬೇರೆ. ಡ್ರಮ್ ಬ್ರೇಕ್ ಆದ್ರೆ ಪೆಡಲ್ ನಿಲ್ಲೋ ಸ್ಟಾಪರ್ ಬೋಲ್ಟಲ್ಲಿ ಎತ್ತರ ಸೆಟ್ ಮಾಡಿ, ಹಿಂದೆ ರಾಡಿನ ನಟ್ಟಲ್ಲಿ ಫ್ರೀ ಪ್ಲೇ ಸೆಟ್ ಮಾಡಿ, ಸಾಮಾನ್ಯವಾಗಿ ಪೆಡಲ್ ತುದಿಯಲ್ಲಿ 20 ರಿಂದ 30 ಎಂಎಂ ಖಾಲಿ ಓಡಾಟ ಇರುತ್ತೆ. ಡಿಸ್ಕ್ ಆದ್ರೆ ಮಾಸ್ಟರ್ ಸಿಲಿಂಡರಿಗೆ (ಬ್ರೇಕ್ ಆಯಿಲ್ಲನ್ನ ಒತ್ತೋ ಪಿಸ್ಟನ್ ಇರೋ ಭಾಗ) ಹೋಗೋ ಪುಶ್ ರಾಡಿನ ಲಾಕ್ ನಟ್ ಸಡಿಲಿಸಿ ರಾಡ್ ತಿರುಗಿಸಿ ಎತ್ತರ ಬದಲಾಯಿಸ್ಬೇಕು.

ನಾನು ತಪ್ಪು ಮಾಡಿದ್ದು ಇಲ್ಲೇ. ಡಿಸ್ಕ್ ಬೈಕಲ್ಲಿ ಪುಶ್ ರಾಡ್ ಮುಟ್ಟದೇ ಬರೀ ಸ್ಟಾಪರ್ ಬೋಲ್ಟ್ ತಿರುಗಿಸಿ ಪೆಡಲ್ ಕೆಳಗಿಳಿಸಿದ್ದೆ. ಪೆಡಲ್ ಇಳೀತು, ಕಾಲಿಗೂ ಚೆನ್ನಾಗಿ ಸಿಕ್ತು, ಖುಷಿಯಾಗಿ ಹೊರಟೆ. ಹದಿನೈದು ಕಿಲೋಮೀಟರ್ ಹೋಗೋಷ್ಟರಲ್ಲಿ ಬೈಕ್ ಯಾರೋ ಹಿಂದಿನಿಂದ ಹಿಡಿದು ಎಳೆದ ಹಾಗೆ, ಸುಟ್ಟ ವಾಸನೆ ಬೇರೆ, ಇಳಿದು ನೋಡಿದ್ರೆ ಹಿಂದಿನ ಡಿಸ್ಕ್ ಹತ್ರ ಕೈ ತಗೊಂಡು ಹೋಗೋಕೆ ಆಗ್ತಿರ್ಲಿಲ್ಲ. ಆಗಿದ್ದೇನಂದ್ರೆ ಸ್ಟಾಪರ್ರು ಪೆಡಲ್ಲನ್ನ ಕೆಳಗೆ ಹಿಡಿದಿಟ್ಟಿದ್ರಿಂದ ಪುಶ್ ರಾಡ್ ಪಿಸ್ಟನ್ನನ್ನ ಯಾವಾಗ್ಲೂ ಸ್ವಲ್ಪ ಒತ್ತಿಟ್ಟಿತ್ತು. ಮಾಸ್ಟರ್ ಸಿಲಿಂಡರ್ ಒಳಗೆ ಪಿಸ್ಟನ್ ಪೂರ್ತಿ ಹಿಂದಕ್ಕೆ ಬಂದಾಗ ಮಾತ್ರ ಒಂದು ಸಣ್ಣ ತೂತು ತೆರ್ಕೊಳ್ಳುತ್ತೆ, ಬಿಸಿಯಾಗಿ ಹಿಗ್ಗಿದ ಬ್ರೇಕ್ ಆಯಿಲ್ ಅದರ ಮೂಲಕವೇ ಡಬ್ಬಿಗೆ ವಾಪಸ್ ಹೋಗ್ಬೇಕು. ತೂತು ಮುಚ್ಚೇ ಇದ್ರೆ ಆಯಿಲ್ ಹಿಗ್ಗಿ ಪ್ಯಾಡನ್ನ ಇನ್ನಷ್ಟು ಒತ್ತುತ್ತೆ, ಒತ್ತಿದಷ್ಟೂ ಬಿಸಿ, ಬಿಸಿಯಾದಷ್ಟೂ ಒತ್ತಡ, ಕೊನೆಗೆ ಚಕ್ರ ಓಡುವಾಗಲೇ ಲಾಕ್ ಆಗುತ್ತೆ. ನನಗೆ ಅದೃಷ್ಟಕ್ಕೆ ಅಷ್ಟು ದೂರ ಹೋಗ್ಲಿಲ್ಲ.

ಹಾಗಾಗಿ ಪೆಡಲ್ ಸೆಟ್ ಮಾಡಿದ ಮೇಲೆ ಪೆಡಲ್ಲನ್ನ ಬೆರಳಲ್ಲಿ ಒತ್ತಿ ನೋಡಿ, ರಾಡ್ ಪಿಸ್ಟನ್ನಿಗೆ ತಾಗೋ ಮುಂಚೆ ಒಂಚೂರು ಖಾಲಿ ಓಡಾಟ ಸಿಗ್ಬೇಕು. ಆಮೇಲೆ ಹಿಂದಿನ ಚಕ್ರ ಎತ್ತಿ, ಬ್ರೇಕ್ ನಾಲ್ಕೈದು ಸಲ ಒತ್ತಿ ಬಿಟ್ಟು, ಕೈಯಲ್ಲಿ ಚಕ್ರ ತಿರುಗಿಸಿ, ಮುಂಚೆ ಎಷ್ಟು ಸಲೀಸಾಗಿ ತಿರುಗ್ತಿತ್ತೋ ಅಷ್ಟೇ ತಿರುಗ್ಬೇಕು. ಮೊದಲ ಸವಾರಿಯಲ್ಲಿ ಐದು ಕಿಲೋಮೀಟರಿಗೆ ನಿಲ್ಲಿಸಿ ಡಿಸ್ಕ್ ಹತ್ರ ಕೈ ತಂದು, ಮುಟ್ಟದೇ, ಬಿಸಿ ನೋಡಿ.

ಬ್ರೇಕ್ ಲೈಟ್ ಸ್ವಿಚ್ಚನ್ನೂ ಮರೀಬೇಡಿ. ಪೆಡಲ್ ಕೆಳಗೆ ಬಂದ್ರೆ ಸ್ವಿಚ್ಚಿನ ಸ್ಪ್ರಿಂಗ್ ಎಳೆದ ಹಾಗೇ ಇದ್ದು ಲೈಟ್ ಸದಾ ಉರೀತಿರುತ್ತೆ, ಹಿಂದೆ ಬರೋರಿಗೆ ನೀವು ಯಾವಾಗ ಬ್ರೇಕ್ ಹಿಡಿದ್ರಿ ಅನ್ನೋದೇ ಗೊತ್ತಾಗಲ್ಲ. ಸ್ವಿಚ್ಚಿನ ನಟ್ ತಿರುಗಿಸಿ ಮೇಲೆ ಕೆಳಗೆ ಮಾಡಿ ಸರಿ ಮಾಡಬಹುದು, ಸ್ವಿಚ್ಚನ್ನೇ ತಿರುಗಿಸ್ಬೇಡಿ, ವೈರ್ ಸುತ್ಕೊಂಡು ಕಿತ್ತೋಗುತ್ತೆ.

ಗೇರ್ ಲಿವರ್ ಕಥೆ ಏನು?

ಅದೇ ಕಥೆ, ಆದ್ರೆ ಅಪಾಯ ಕಮ್ಮಿ. ಲಿವರ್ ನೇರವಾಗಿ ಶಾಫ್ಟಿನ ಹಲ್ಲಿಗೆ ಕೂತಿದ್ರೆ ಬೋಲ್ಟ್ ಪೂರ್ತಿ ತೆಗೆದು ಲಿವರ್ ಎಳೆದು ಒಂದು ಹಲ್ಲು ಕೆಳಗೆ ಕೂರಿಸಿ, ಒಂದು ಹಲ್ಲಿಗೇ ಸಾಕಷ್ಟು ಬದಲಾಗುತ್ತೆ. ರಾಡ್ ಇರೋ ಲಿಂಕೇಜ್ ಆದ್ರೆ ಎರಡೂ ಕಡೆ ಲಾಕ್ ನಟ್ ಸಡಿಲಿಸಿ ರಾಡ್ ತಿರುಗಿಸಿ, ಒಂದು ಕಡೆ ಉಲ್ಟಾ ಮರೆ (ಥ್ರೆಡ್) ಇರುತ್ತೆ, ಹಾಗಾಗಿ ಬಿಚ್ಚದೇನೇ ಉದ್ದ ಗಿಡ್ಡ ಆಗುತ್ತೆ. ರಾಡು ಮತ್ತು ಶಾಫ್ಟಿನ ತೋಳು ನಡುವೆ ಸುಮಾರು 90 ಡಿಗ್ರಿ ಇರೋ ಹಾಗೆ ನೋಡ್ಕೊಳ್ಳಿ, ಕೋನ ತೀರಾ ಕೆಟ್ರೆ ಕಾಲಲ್ಲಿ ಎಷ್ಟು ಒತ್ತಿದ್ರೂ ಶಾಫ್ಟ್ ಪೂರ್ತಿ ತಿರುಗಲ್ಲ, ಗೇರ್ ಅರ್ಧ ಬಿದ್ದು ಜಾರುತ್ತೆ, ಜನ ಗೇರ್‌ಬಾಕ್ಸೇ ಹೋಯ್ತು ಅಂತ ಹೆದರ್ತಾರೆ.

ಅಗಲದ ಪೆಗ್ ಹಾಕಿದಾಗ ಇನ್ನೊಂದು ಸಮಸ್ಯೆ, ಪೆಗ್ಗಿನ ಮುಂದಿನ ಅಂಚು ಲಿವರಿಗೆ ಹತ್ರ ಬಂದು ಬೂಟಿನ ಮುಂಭಾಗ ಲಿವರ್ ಕೆಳಗೆ ತೂರೋದೇ ಇಲ್ಲ. ನೀವು ಹಾಕೋ ಬೂಟನ್ನೇ ಹಾಕ್ಕೊಂಡು ಚೆಕ್ ಮಾಡಿ, ಚಪ್ಪಲಿ ಹಾಕ್ಕೊಂಡು ಸೆಟ್ ಮಾಡಿದ್ದು ಬೂಟಿಗೆ ಬರಲ್ಲ. ಪೆಗ್ ಹಿಂದಕ್ಕೆ ಹೋಗಿದ್ರೆ ಉಲ್ಟಾ, ಬೆರಳು ಲಿವರ್ ತನಕ ಮುಟ್ಟಲ್ಲ, ಆಗ ಲಿವರ್ ಗಿಡ್ಡದು ಬೇಕು ಇಲ್ಲಾ ತುದಿ ಹಿಂದಕ್ಕೆ ಸರಿಯೋ ಲಿವರ್ ಬೇಕು. ಪೆಗ್ ಒಂದು ಕಡೆ ಲಿವರ್ ಒಂದು ಕಡೆ ಆದ್ರೆ ಎತ್ತು ಏರಿಗೆ ಕೋಣ ನೀರಿಗೆ ಅನ್ನೋ ಹಾಗಾಗುತ್ತೆ.

ರಿಯರ್‌ಸೆಟ್ ಹಾಕಿದ್ರೆ ಇದೆಲ್ಲ ತಪ್ಪುತ್ತಲ್ಲ?

ರಿಯರ್‌ಸೆಟ್ ಅಂದ್ರೆ ಪೆಗ್ಗು, ಪೆಡಲ್ಲು, ಲಿವರ್ರು ಮೂರೂ ಒಂದೇ ಪ್ಲೇಟಲ್ಲಿ ಒಟ್ಟಿಗೆ ಹಿಂದಕ್ಕೆ ಮೇಲಕ್ಕೆ ಹೋಗೋದು, ಹಾಗಾಗಿ ಅವುಗಳ ನಡುವಿನ ಅಂತರ ಕೆಡಲ್ಲ, ಆ ಮಟ್ಟಿಗೆ ಹೌದು. ಆದ್ರೆ ಮೊಣಕಾಲು ಜಾಸ್ತಿ ಮಡಚುತ್ತೆ, ದೇಹ ಮುಂದಕ್ಕೆ ವಾಲಿ ಮಣಿಕಟ್ಟಿನ ಮೇಲೆ ಭಾರ ಬೀಳುತ್ತೆ, ದೂರ ಹೋಗೋರಿಗೆ ನಾನು ಹೇಳಲ್ಲ. ಹಾಕೋದಾದ್ರೆ ಬ್ರೇಕ್ ಹೋಸ್ ಎಳೆದ ಹಾಗೆ ಆಗಿದೆಯಾ, ಹಿಂದಿನ ಚಕ್ರ ಮೇಲೆ ಕೆಳಗೆ ಆಡುವಾಗ ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದಿರೋ ತೋಳು) ಎಲ್ಲಾದ್ರೂ ತಾಗುತ್ತಾ ನೋಡಿ. ಲಿಂಕೇಜ್ ತೋಳನ್ನ ತಲೆಕೆಳಗಾಗಿ ಹಾಕಿದ್ರೆ ಗೇರ್ ಉಲ್ಟಾ ಆಗುತ್ತೆ, ಮೇಲೆತ್ತಿದ್ರೆ ಇಳಿಯುತ್ತೆ, ಒತ್ತಿದ್ರೆ ಏರುತ್ತೆ. ರೇಸಲ್ಲಿ ಬೇಕಂತಲೇ ಹಾಗೆ ಮಾಡ್ಕೊಳ್ತಾರೆ, ನೀವು ಗೊತ್ತಿಲ್ದೇ ಮಾಡ್ಕೊಂಡು ರಸ್ತೆಗಿಳಿಬೇಡಿ.

ಯಾವ ಲೋಹ ಒಳ್ಳೇದು? ಅಲ್ಯೂಮಿನಿಯಮ್ಮಾ ಸ್ಟೀಲಾ?

ಕಲ್ಲು ಮುಳ್ಳಿನ ದಾರಿ, ಬೀಳೋದು ಏಳೋದು ಇದ್ರೆ ಸ್ಟೀಲ್. ಸ್ಟೀಲ್ ಬಗ್ಗುತ್ತೆ, ಬಗ್ಗಿದ್ದನ್ನ ಹೇಗೋ ನೆಟ್ಟಗೆ ಮಾಡ್ಕೊಂಡು ಮನೆ ಸೇರಬಹುದು. ಅಲ್ಯೂಮಿನಿಯಂ ಹಗುರ, ತುಕ್ಕು ಹಿಡಿಯಲ್ಲ, ರಸ್ತೆ ಬೈಕಿಗೆ 6061 ಅಥವಾ 7075 (ಅಲ್ಯೂಮಿನಿಯಂ ಮಿಶ್ರಲೋಹದ ನಂಬರ್) ಗಟ್ಟಿಯಲ್ಲಿ ಕೊರೆದ ಪೆಗ್ ಚೆನ್ನಾಗೇ ಇರುತ್ತೆ, ಆದ್ರೆ ಏಟು ಬಿದ್ರೆ ಮುನ್ಸೂಚನೆ ಕೊಡದೇ ಪಟ್ ಅಂತ ಮುರಿಯಬಹುದು. ಅಗ್ಗದ ಎರಕದ ಪೆಗ್‌ಗಳಿಂದ ದೂರ ಇರಿ, ಒಳಗೆ ಗಾಳಿಗುಳ್ಳೆ ಇದ್ರೆ ಹೊರಗಿನ ಬಣ್ಣದಿಂದ ಗೊತ್ತೇ ಆಗಲ್ಲ. ಟೈಟಾನಿಯಂ ತುಂಬಾ ಚೆನ್ನಾಗಿದೆ, ದುಡ್ಡು ಜಾಸ್ತಿ, ಅಷ್ಟೇ.

ಪೆಗ್ ಅಥವಾ ಬ್ರಾಕೆಟ್ ವೆಲ್ಡ್ ಮಾಡಿಸಿ ಉದ್ದ ಮಾಡ್ಕೊಳ್ಳಬಹುದಾ?

ಸ್ಟೀಲ್ ಪೆಗ್ಗಿಗೆ, ಅಗಲ ಜಾಸ್ತಿ ಮಾಡೋಕೆ ಪಕ್ಕಕ್ಕೆ ಹಲ್ಲಿನ ಪಟ್ಟಿ ಸೇರಿಸೋದು ಮಾಡಬಹುದು, ತುಂಬಾ ಜನ ಮಾಡಿದಾರೆ. ಉದ್ದ ಮಾಡೋದು ಬೇರೆ ಲೆಕ್ಕ. 80 ಕಿಲೋ ಮನುಷ್ಯ ಒಂದೇ ಪೆಗ್ ಮೇಲೆ, ಬುಡದಿಂದ 80 ಎಂಎಂ ಆಚೆ ನಿಂತ್ರೆ ಬುಡಕ್ಕೆ ಬೀಳೋ ತಿರುಚು ಬಲ ಸುಮಾರು 63 ನ್ಯೂಟನ್ ಮೀಟರ್. ಅದೇ ಮನುಷ್ಯ 110 ಎಂಎಂ ಆಚೆ ನಿಂತ್ರೆ 86. ಇದು ಸುಮ್ನೆ ನಿಂತಾಗ, ಗುಂಡಿಗೆ ಬಿದ್ದಾಗ ಇದರ ಎಷ್ಟೋ ಪಟ್ಟು ಬೀಳುತ್ತೆ. ಪೆಗ್ ತಡ್ಕೊಂಡ್ರೂ ಬ್ರಾಕೆಟ್ ಕಿವಿ, ಪಿನ್, ಫ್ರೇಮಿನ ಬೋಲ್ಟ್ ಎಲ್ಲ ಹಳೇ ಲೆಕ್ಕಕ್ಕೇ ಮಾಡಿರೋದು.

ಅಲ್ಯೂಮಿನಿಯಂ ವೆಲ್ಡ್ ಮಾಡಿಸ್ಬೇಡಿ. 6061 ಟಿ6 ಅನ್ನೋ ಹದ ಬರೋದೇ ಬಿಸಿ ಮಾಡಿ ತಣಿಸಿ ಮತ್ತೆ ಬೇಯಿಸಿ, ವೆಲ್ಡ್ ಬಿಸಿಗೆ ಅಕ್ಕಪಕ್ಕದ ಜಾಗದಲ್ಲಿ ಆ ಹದ ಹೋಗಿ ಮೆತ್ತಗಾಗುತ್ತೆ, ವೆಲ್ಡ್ ಗಟ್ಟಿ ಇದ್ರೂ ಪಕ್ಕದಲ್ಲಿ ಮುರಿಯುತ್ತೆ. ಎರಕದ ಬ್ರಾಕೆಟ್ಟಿಗೆ ಹೊಸ ತೂತು ಕೊರೆಯೋದೂ ಬೇಡ. ಫ್ರೇಮಿಗೆ ಅಂಟಿರೋ ಬ್ರಾಕೆಟ್ ವೆಲ್ಡ್ ಮಾಡಿಸ್ಲೇಬೇಕಾದ್ರೆ ಬ್ಯಾಟರಿ ಬಿಚ್ಚಿ, ಇಸಿಯು (ಇಂಜಿನ್ ನಡೆಸೋ ಕಂಪ್ಯೂಟರ್) ಕನೆಕ್ಟರ್ ಕೂಡ ತೆಗೆದು ಮಾಡಿಸಿ. ಲೇತಲ್ಲಿ ಹೊಸ ಪೆಗ್ ಮಾಡಿಸೋರು ಬುಡದ ಒಳಮೂಲೆಯನ್ನ ಚೂಪಾಗಿ ಬಿಡದೇ ದುಂಡಗೆ ತೆಗೆಸಿ, ಬಿರುಕು ಹುಟ್ಟೋದು ಯಾವಾಗ್ಲೂ ಆ ಚೂಪು ಮೂಲೆಯಲ್ಲೇ.

ಬ್ರಾಕೆಟ್ ಬೋಲ್ಟ್ ಎಷ್ಟು ಟೈಟ್ ಮಾಡ್ಬೇಕು, ಸ್ಟೇನ್‌ಲೆಸ್ ಬೋಲ್ಟ್ ಹಾಕಬಹುದಾ?

ನಿಮ್ಮ ಬೈಕಿನ ಸರ್ವಿಸ್ ಮ್ಯಾನ್ಯುಯಲ್ಲಲ್ಲಿ ಇರೋ ಅಂಕಿ, ಅದೇ ಕೊನೆ ಮಾತು. ಹೊಳೆಯುತ್ತೆ ಅಂತ ಸ್ಟೇನ್‌ಲೆಸ್ ಹಾಕೋ ಮುಂಚೆ ಹಳೇ ಬೋಲ್ಟ್ ತಲೆ ಮೇಲಿರೋ ನಂಬರ್ ಓದಿ. 8.8 ಅಂದ್ರೆ 800, 10.9 ಅಂದ್ರೆ 1000 ಮೆಗಾಪಾಸ್ಕಲ್ ಎಳೆತ ತಡೆಯೋ ಬೋಲ್ಟು, ಸಾಮಾನ್ಯವಾಗಿ ಸಿಗೋ ಎ2-70 ಸ್ಟೇನ್‌ಲೆಸ್ 700. ಪೆಗ್ ಬ್ರಾಕೆಟ್ಟಿನಂಥ ಜಾಗದಲ್ಲಿ ಶಕ್ತಿ ಕಮ್ಮಿ ಮಾಡ್ಕೊಳ್ಳೋದು ಬೇಡ. ಬೋಲ್ಟ್ ಸಡಿಲ ಆಗದ ಹಾಗೆ ಹಚ್ಚೋ ನೀಲಿ ಬಣ್ಣದ ಥ್ರೆಡ್ ಲಾಕರ್ ಅಂಟು ಒಂದು ಹನಿ ಸಾಕು, ಕೆಂಪು ಬೇಡ, ಮತ್ತೆ ಬಿಚ್ಚೋಕೆ ಗ್ಯಾಸ್ ಬಿಸಿ ಬೇಕಾಗುತ್ತೆ. ಅಲ್ಯೂಮಿನಿಯಂ ಒಳಗೆ ಸ್ಟೀಲ್ ಬೋಲ್ಟ್ ಇದ್ದು ನೀರು ಸೇರಿದ್ರೆ ಎರಡೂ ಕಚ್ಕೊಂಡುಬಿಡ್ತವೆ, ಅದಕ್ಕೆ ಆಂಟಿ ಸೀಜ್ (ಕಚ್ಕೊಳ್ಳದ ಹಾಗೆ ತಡೆಯೋ ಪೇಸ್ಟ್) ಹಚ್ಚೋರು ಇದಾರೆ, ಹಚ್ಚಿದ್ರೆ ಟಾರ್ಕ್ ಕಮ್ಮಿ ಮಾಡ್ಬೇಕು, ಜಾರು ಜಾಸ್ತಿಯಾಗಿ ಅದೇ ಅಂಕಿಗೆ ಬೋಲ್ಟ್ ಅತಿಯಾಗಿ ಎಳೆದು ಮರೆ ಕಿತ್ತುಬರುತ್ತೆ.

ಮೆಟಲ್ ಪೆಗ್ ಹಾಕಿದ ಮೇಲೆ ಪಾದ ಜುಮ್ ಅಂತಿದೆ.

ಕಂಪನಿ ಪೆಗ್ಗಿನ ರಬ್ಬರ್ ಆ ನಡುಕವನ್ನ ಕುಡೀತಿತ್ತು, ಈಗ ಅದಿಲ್ಲ. ಒಂಟಿ ಸಿಲಿಂಡರ್ ಬೈಕಲ್ಲಿ ಇದು ಜೋರಾಗಿ ಗೊತ್ತಾಗುತ್ತೆ. ಹಲ್ಲಿನ ನಡುವೆ ಕೂರೋ ರಬ್ಬರ್ ಇನ್ಸರ್ಟ್ ಇರೋ ಪೆಗ್ ತಗೊಂಡ್ರೆ ಕೂತಾಗ ರಬ್ಬರ್ ಮೇಲೆ, ನಿಂತಾಗ ಭಾರಕ್ಕೆ ರಬ್ಬರ್ ಒತ್ತಿ ಹಲ್ಲಿನ ಮೇಲೆ ಪಾದ ಇರುತ್ತೆ, ಇದಕ್ಕಿಂತ ಒಳ್ಳೇ ಉಪಾಯ ನಾನು ನೋಡಿಲ್ಲ. ಕೆಲವು ಕಂಪನಿ ಪೆಗ್‌ಗಳ ಕೆಳಗೆ ಒಂದು ಭಾರದ ಗುಂಡು ಇರುತ್ತೆ, ಅದೂ ನಡುಕ ಕಮ್ಮಿ ಮಾಡೋಕೇ ಇರೋದು, ಹೊಸ ಪೆಗ್ಗಿಗೆ ಅದನ್ನ ಹಾಕೋಕೆ ಆದ್ರೆ ಹಾಕಿ. ಹಠಾತ್ತಾಗಿ ನಡುಕ ಜಾಸ್ತಿ ಆಗಿದ್ರೆ ಮಾತ್ರ ಪೆಗ್ಗನ್ನ ಬೈಯ್ಯೋ ಮುಂಚೆ ಇಂಜಿನ್ ಮೌಂಟ್ ಬೋಲ್ಟ್ ಸಡಿಲಾಗಿದೆಯಾ ನೋಡಿ.

ಹಲ್ಲು ತುಂಬಾ ಚೂಪು, ಬೂಟಿನ ಸೋಲ್ ತಿಂದುಹಾಕ್ತಿದೆ, ಮೀನಖಂಡಕ್ಕೂ ಗೀರುತ್ತೆ.

ಹಲ್ಲಿನ ತುದಿಯನ್ನ ಅರದಲ್ಲಿ ಒಂದೊಂದು ಎಂಎಂ ಸವೆಸಿ, ಹೊರಗಿನ ಅಂಚಿನ ಹಲ್ಲು ಹಾಗೇ ಬಿಡಿ, ಹಿಡಿತಕ್ಕೆ ಅದು ಸಾಕು. ಸ್ಕ್ರೂ ಪಿನ್ ಇರೋ ಪೆಗ್ಗಾದ್ರೆ ಒಳಗಿನ ಸಾಲು ತೆಗೆದುಬಿಡಿ. ಮಾಮೂಲಿ ಶೂ ಹಾಕೋರಿಗೆ ಮೋಟೋಕ್ರಾಸ್ ಪೆಗ್ ಬೇಡವೇ ಬೇಡ.

ಹಿಂದೆ ಕೂರೋರ ಪೆಗ್ ಬದಲಾಯಿಸಬಹುದಾ?

ಆಗುತ್ತೆ, ಪಿನ್ ಪದ್ಧತಿ ಅದೇ. ಎರಡು ವಿಷಯ: ಇಳಿಸಿದ ಪೆಗ್ಗಿಂದ ಅವರ ಹಿಮ್ಮಡಿ ಸೈಲೆನ್ಸರಿಗೆ ತಾಗ್ಬಾರ್ದು, ಮತ್ತು ಪೆಗ್ಗನ್ನ ಸ್ವಿಂಗ್ ಆರ್ಮ್ ಮೇಲೆ ಕೂರಿಸ್ಬಾರ್ದು, ಚಕ್ರದ ಜೊತೆ ಅದೂ ಕುಣಿದು ಅವರ ಮೊಣಕಾಲಿಗೆ ಪ್ರತಿ ಗುಂಡಿಯ ಏಟು ನೇರವಾಗಿ ಹೋಗುತ್ತೆ. ಪಿಲಿಯನ್ ಪೆಗ್ ತೆಗೆದುಹಾಕಿದ್ರೆ ಹಿಂದೆ ಯಾರನ್ನೂ ಕೂರಿಸ್ಬೇಡಿ.

ಕ್ರ್ಯಾಶ್ ಗಾರ್ಡಿಗೆ ಹೈವೇ ಪೆಗ್ ಹಾಕೋದು?

ದೂರದ ದಾರಿಯಲ್ಲಿ ಕಾಲು ಚಾಚೋಕೆ ಹಿತ. ಪೈಪಿನ ಹೊರ ಅಳತೆ ತಗೊಂಡೇ ಕ್ಲ್ಯಾಂಪ್ ತಗೊಳ್ಳಿ, ದೊಡ್ಡ ಕ್ಲ್ಯಾಂಪಿಗೆ ರಬ್ಬರ್ ಸುತ್ತಿ ಬಿಗಿದಿದ್ದು ಕಾಲಿನ ಭಾರಕ್ಕೆ ತಿರುಗುತ್ತೆ. ಅಲ್ಲಿ ಕಾಲಿಟ್ಟಾಗ ಬ್ರೇಕು, ಗೇರು ಎರಡೂ ಕಾಲಿಗೆ ದೂರ, ಹಾಗಾಗಿ ಖಾಲಿ ರಸ್ತೆಯಲ್ಲಿ ಮಾತ್ರ.

ಹಾಕಿದ ಮೇಲೆ ಏನೇನು ಚೆಕ್ ಮಾಡ್ಬೇಕು?

ಪೆಗ್ಗನ್ನ ಹತ್ತು ಸಲ ಮಡಚಿ ಬಿಡಿ, ಹತ್ತೂ ಸಲ ವಾಪಸ್ ಬರ್ಬೇಕು. ಸೈಡ್ ಸ್ಟ್ಯಾಂಡ್ ತೆಗೆದು ಹಾಕಿ, ಕಿಕ್ಕರ್ ಇದ್ರೆ ಪೂರ್ತಿ ಒದ್ದು ನೋಡಿ, ಬ್ರೇಕ್ ಪೆಡಲ್ ಕೊನೆ ತನಕ ಒತ್ತಿದಾಗ ಪೆಗ್ಗಿಗೋ ಸೈಲೆನ್ಸರಿಗೋ ತಾಗುತ್ತಾ ನೋಡಿ. ಇಬ್ಬರು ಬೈಕನ್ನ ನೆಟ್ಟಗೆ ಹಿಡ್ಕೊಳ್ಳಲಿ, ನೀವು ಎರಡೂ ಪೆಗ್ ಮೇಲೆ ನಿಂತು ಕುಪ್ಪಳಿಸಿ, ಕಟ್ ಅನ್ನೋ ಸದ್ದು ಬಂದ್ರೆ ಇಳಿದು ಹುಡುಕಿ. ಖಾಲಿ ಜಾಗದಲ್ಲಿ ಗೇರ್ ಎಲ್ಲ ಏರಿಸಿ ಇಳಿಸಿ, ಹಿಂದಿನ ಬ್ರೇಕ್ ಹತ್ತು ಸಲ ಹಿಡಿದು ಕಾಲಿಗೆ ಹೊಸ ಜಾಗ ಅಭ್ಯಾಸ ಮಾಡಿಸಿ, ಆಮೇಲೆ ಟ್ರಾಫಿಕ್ಕಿಗೆ ಹೋಗಿ. 100 ಕಿಲೋಮೀಟರ್ ಆದ ಮೇಲೆ ಬೋಲ್ಟ್‌ಗಳ ಟಾರ್ಕ್ ಮತ್ತೆ ನೋಡಿ, ಹೊಸ ಮುಖಗಳು ಒತ್ಕೊಂಡು ಸ್ವಲ್ಪ ಸಡಿಲ ಆಗಿರ್ತವೆ.

ಮೇಂಟೆನೆನ್ಸ್ ಏನಾದ್ರೂ ಇದೆಯಾ?

ಪಿನ್ನಿಗೆ ನೀರು ತಡೆಯೋ ಗ್ರೀಸ್ ತೆಳ್ಳಗೆ, ಜಾಸ್ತಿ ಬಳಿದ್ರೆ ಮಣ್ಣು ಅಂಟಿ ಅರದ ತರ ಕೆಲಸ ಮಾಡುತ್ತೆ. ಕೆಸರಲ್ಲಿ ಓಡಿಸಿ ಬಂದ್ರೆ ಅವತ್ತೇ ಪೆಗ್ ಕೆಳಗಿನ ಮಣ್ಣು ತೆಗೀರಿ, ಒಣಗಿದ್ರೆ ಮಡಚಿದ ಪೆಗ್ ವಾಪಸ್ ಬರಲ್ಲ, ಕಾಲಿಡೋಕೆ ಹೋದಾಗ ಪೆಗ್ಗೇ ಇರಲ್ಲ. ಬಿದ್ದ ಮೇಲೆ, ಪೆಗ್ ಚೆನ್ನಾಗಿ ಕಂಡ್ರೂ, ಪಿನ್ ಹೊರಗೆ ತೆಗೆದು ಗಾಜಿನ ಮೇಲೆ ಉರುಳಿಸಿ, ಬಗ್ಗಿದ್ರೆ ಕುಂಟ್ತಾ ಉರುಳುತ್ತೆ. ಬ್ರಾಕೆಟ್ ಕಿವಿಗಳ ಬುಡದಲ್ಲಿ ಕೂದಲೆಳೆಯಷ್ಟು ಗೆರೆ ಕಂಡ್ರೆ ಒರೆಸಿ ಮತ್ತೆ ನೋಡಿ, ಒರೆಸಿದ ಮೇಲೂ ಗೆರೆ ಇದ್ರೆ ಅದು ಬಿರುಕು, ಆ ಬ್ರಾಕೆಟ್ ಬದಲಾಯಿಸೋ ತನಕ ಗಾಡಿ ಓಡಿಸ್ಬೇಡಿ.

ಹಳೇ ಪೆಗ್ ಏನ್ ಮಾಡ್ಲಿ?

ಪಿನ್, ಸ್ಪ್ರಿಂಗ್, ವಾಷರ್ ಎಲ್ಲ ಒಂದು ಕವರಲ್ಲಿ ಹಾಕಿ, ಎಡ ಬಲ ಅಂತ ಚೀಟಿ ಬರೆದು ಎತ್ತಿಡಿ. ಹೊಸ ಪೆಗ್ಗಿಗೆ ಮೊದಲು ಬೇಕಾಗೋದು ಆ ಹಳೇ ಸ್ಪ್ರಿಂಗೇ.